ಹಳೇ ಬೈಕಿಗೆ ಬೇರೆ ಬೈಕಿನ ಪಾರ್ಟ್: ದಾವಣಗೆರೆ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಅಪ್ಪನ ಯಮಹಾ ಆರ್‌ಎಕ್ಸ್ 100 ಬೈಕ್ ನನ್ನ ಕೈಗೆ ಬಂದ ಮೇಲೆ ಗ್ಯಾರೇಜು, ಲೇತ್ ಅಂಗಡಿ, ಗುಜರಿ ಅಂತ ಓಡಾಡಿ ಕಲಿತದ್ದು ಇಷ್ಟು. ಭಾನುವಾರ ಬೆಣ್ಣೆದೋಸೆ ಹೋಟೆಲ್ ಮುಂದೆ ಗಾಡಿ ನಿಲ್ಲಿಸಿದರೆ ಯಾರಾದರೊಬ್ಬರು ಬಂದೇ ಬರುತ್ತಾರೆ. “ಅಣ್ಣಾ, ಇದಕ್ಕೆ ಡಿಸ್ಕ್ ಬ್ರೇಕ್ ಕೂರುತ್ತಾ?” ಅಂತ ಕೇಳುತ್ತಾರೆ. ಮಾತು ಮುಗಿಯುವಷ್ಟರಲ್ಲಿ ದೋಸೆ ಆರಿರುತ್ತದೆ. ಅದಕ್ಕೇ ಒಂದು ಸಲ ಕೂತು ಬರೆದಿಟ್ಟೆ.

ಒರಿಜಿನಲ್ ಪಾರ್ಟ್ ಹಾಕೋದೇ ಒಳ್ಳೇದಲ್ವಾ?

ಸಿಕ್ಕರೆ ಹೌದು. ಆದರೆ ಆರ್‌ಎಕ್ಸ್ 100 ಬಂದದ್ದು 1985ರಲ್ಲಿ, ನಿಂತದ್ದು 1996ರಲ್ಲಿ. ಯೆಜ್ಡಿ ಬೈಕ್ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿದ್ದೂ 1996ರಲ್ಲೇ. ಅವತ್ತಿನ ಕಂಪನಿ ಪ್ಯಾಕೆಟ್ ಈಗ ಸಿಕ್ಕರೆ ಬಂಗಾರದ ಬೆಲೆ. ಕಡಿಮೆ ಬೆಲೆಗೆ ಸಿಗುವ ಹೊಸ ನಕಲಿ ಪಾರ್ಟಿಗಿಂತ ಬೇರೆ ಗಾಡಿಯ ಒಳ್ಳೇ ಪಾರ್ಟ್ ಎಷ್ಟೋ ವಾಸಿ.

ಜನ ಪಾರ್ಟ್ ಬದಲಿಸುವುದು ಮೂರು ಕಾರಣಕ್ಕೆ. ಹಳೆಯದು ಸಿಗುವುದಿಲ್ಲ ಅಂತ, ಬ್ರೇಕು ಲೈಟು ಚೆನ್ನಾಗಿರಲಿ ಅಂತ, ಚೆಂದ ಕಾಣಲಿ ಅಂತ. ಮೊದಲ ಎರಡಕ್ಕೆ ನನ್ನ ಬೆಂಬಲ ಇದೆ. ಮೂರನೆಯದಕ್ಕೆ ಬೇಡ ಅನ್ನುವುದಿಲ್ಲ, ನಾನೂ ಮಾಡಿದ್ದೇನೆ. ಆದರೆ ಬ್ರೇಕ್ ಸರಿಯಿಲ್ಲದ ಗಾಡಿಗೆ ದಪ್ಪ ಟೈರ್ ಹಾಕಿಸುವವರನ್ನು ಕಂಡರೆ ಸಿಟ್ಟು ಬರುತ್ತದೆ.

“ಕೂರುತ್ತೆ ಬಿಡಿ” ಅಂತ ಮೆಕ್ಯಾನಿಕ್ ಹೇಳಿದರೆ ಸಾಕಾ?

ಕೂರುವುದು ಬೇರೆ, ಹೊಂದುವುದು ಬೇರೆ. ಸುತ್ತಿಗೆ ತೊಗೊಂಡು ಬಡಿದರೆ ಏನು ಬೇಕಾದರೂ ಕೂರುತ್ತದೆ.

ಕೊಳ್ಳುವ ಮೊದಲು ನಾನು ನೋಡುವುದು ಇಷ್ಟು. ಈ ಪಾರ್ಟ್ ಭಾರ ಹೊರುವಂಥದ್ದಾ? ಅದನ್ನು ಜಾಗದಲ್ಲಿ ಹಿಡಿದಿಡುವುದು ಏನು, ಬೋಲ್ಟಾ, ಗೂಟವಾ, ಬರೀ ಬಿಗಿತವಾ? ಅದು ಅಲುಗಾಡುವಾಗ ಯಾವುದಕ್ಕೆ ತಾಗುತ್ತದೆ? ಜೇಬಿನಲ್ಲಿ ಅಳತೆಯ ವರ್ನಿಯರ್ ಇರಬೇಕು. ಕಣ್ಣಳತೆಗೆ 15 ಮಿಲಿಮೀಟರಿಗೂ 17ಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ವೀಲ್ ಬೇರಿಂಗ್ ಉದಾಹರಣೆ ನೋಡಿ. 6202 ನಂಬರಿನ ಬೇರಿಂಗ್ ಅಂದರೆ ಒಳಗೆ 15, ಹೊರಗೆ 35, ಅಗಲ 11 ಮಿಲಿಮೀಟರ್. ನೀವು ತಂದ ಫೋರ್ಕಿನ ಆಕ್ಸಲ್ 17 ಇದೆ ಅಂದುಕೊಳ್ಳಿ. ವೀಲಿನ ನಡುವಿನ ಹಬ್ ಕೊರೆಸಬೇಕಾಗಿಲ್ಲ. 6003 ಬೇರಿಂಗ್ ಇದೆ, ಅದರ ಹೊರಗೂ 35, ಒಳಗೆ 17. ಅಗಲ ಮಾತ್ರ 10, ಹಾಗಾಗಿ ಒಂದು ಮಿಲಿಮೀಟರ್ ವಾಷರ್ ಬೇಕು. ಬೇರಿಂಗ್ ಪುಸ್ತಕ ತಿರುವಿ ಹಾಕಿದರೆ ಇಂಥ ಜೋಡಿ ಬೇಕಾದಷ್ಟು ಸಿಗುತ್ತವೆ. ಆದರೆ 6003ರ ಗೋಲಿ ಸಣ್ಣದು, 6202ರಷ್ಟು ಭಾರ ತಡೆಯುವುದಿಲ್ಲ. ಮುಂದಿನ ವೀಲಿಗೆ ಒಪ್ಪಬಹುದು. ಹಿಂದೆ ಇಬ್ಬರು ಕೂತು, ಮೇಲೊಂದು ಮೂಟೆ ಹೇರುವ ಗಾಡಿಗೆ ಬೇಡ.

ಒಂದೇ ಕಂಪನಿ ಗಾಡಿ ಆದರೆ ಎಲ್ಲಾ ಹೊಂದುತ್ತಲ್ವಾ?

ಹೀರೋ ಹೋಂಡಾದ ಸಿಡಿ 100, ಹಳೇ ಸ್ಪ್ಲೆಂಡರ್ ಇರುವವರು ಪುಣ್ಯವಂತರು. ಎರಡೂ 97.2 ಸಿಸಿ, ಒಂದೇ ವಂಶ. ತುಂಬ ಪಾರ್ಟ್ ಅದಲು ಬದಲು ಆಗುತ್ತವೆ. ಆದರೂ ಇಸವಿ ಕೇಳದೆ ತರಬೇಡಿ. ಅದೇ ಹೆಸರಿನ ಗಾಡಿ ಒಳಗೊಳಗೇ ಬದಲಾಗುತ್ತಾ ಬಂದಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಸ್ಪ್ಲೆಂಡರಿಗೂ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಷನ್ ಬಂತು. ಹೆಸರು ಒಂದೇ, ವೈರಿಂಗ್ ಬೇರೆಯೇ ಲೋಕ.

ಆರ್‌ಎಕ್ಸ್ 100ಕ್ಕೆ ಆರ್‌ಎಕ್ಸ್ 135ರ ಬ್ಲಾಕ್ (ಸಿಲಿಂಡರ್) ಹಾಕಬಹುದಾ?

ವಾರಕ್ಕೊಮ್ಮೆ ಬರುವ ಪ್ರಶ್ನೆ. ಯಾಕೆ ಎಲ್ಲರಿಗೂ ಈ ಆಸೆ ಅಂತ ಲೆಕ್ಕ ನೋಡಿದರೆ ತಿಳಿಯುತ್ತದೆ. 100ರ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, 50, ಸ್ಟ್ರೋಕ್ 50 ಮಿಲಿಮೀಟರ್, ಒಟ್ಟು 98 ಸಿಸಿ. 135ರ ಬೋರ್ 58, ಸ್ಟ್ರೋಕ್ ಅದೇ 50, ಒಟ್ಟು 132 ಸಿಸಿ. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ ಒಂದೇ. ಹಾಗಾಗಿ ಕೆಲಸ ಸುಲಭ ಅನ್ನಿಸುತ್ತದೆ. ಆದರೆ 58ರ ಬೋರ್ ಅಂದರೆ ಒಳಗಿನ ಸ್ಲೀವ್ ಕೊಳವೆಯ ಹೊರ ಅಳತೆಯೂ ದೊಡ್ಡದು. ಅದು ಕೂರುವ ಕ್ರ್ಯಾಂಕ್‌ಕೇಸಿನ ಬಾಯಿ ಅಗಲ ಮಾಡಿಸಬೇಕಾಗುತ್ತದೆ. ಒಮ್ಮೆ ಕೆತ್ತಿದರೆ ಮತ್ತೆ ಹಳೇ ಬ್ಲಾಕಿಗೆ ಅದೇ ಬಿಗಿತ ಸಿಗುವುದಿಲ್ಲ. ಆರ್‌ಸಿಯಲ್ಲಿ 98 ಸಿಸಿ ಅಂತ ಇರುತ್ತದೆ, ಗಾಡಿ 132 ಆಗಿರುತ್ತದೆ. ಅದರ ಮಾತು ಮುಂದೆ ಬರುತ್ತದೆ.

ನನ್ನನ್ನು ಕೇಳಿದರೆ ಬೇಡ. ಆರ್‌ಎಕ್ಸ್ 100ರ ಮಜಾ ಇರುವುದೇ ಆ ಸಣ್ಣ ಇಂಜಿನ್ನು ಅಷ್ಟು ಚುರುಕಾಗಿ ಓಡುವುದರಲ್ಲಿ.

ನಮ್ಮ ಗಾಡಿ ಪಿಸ್ಟನ್ ಸಿಗ್ತಿಲ್ಲ. ಅದೇ ಅಳತೆಯ ಬೇರೆ ಪಿಸ್ಟನ್ ನಡೆಯುತ್ತಾ?

“ಅದೇ ಅಳತೆ” ಅಂದರೆ ಯಾವ ಅಳತೆ? ಸುತ್ತಳತೆ ಒಂದೇ ಸಾಲದು. ಪಿನ್ನಿನ ದಪ್ಪ ಒಂದೇ ಇರಬೇಕು. ಪಿನ್ನಿನ ನಡುವಿನಿಂದ ಪಿಸ್ಟನ್ ತಲೆವರೆಗಿನ ಎತ್ತರ ಒಂದೇ ಇರಬೇಕು. ಎತ್ತರ ಜಾಸ್ತಿ ಆದರೆ ಹೆಡ್ಡಿಗೆ ಹೊಡೆಯುತ್ತದೆ, ಕಡಿಮೆ ಆದರೆ ಕಂಪ್ರೆಶನ್ ಸೋರಿಹೋದಂತೆ. ಟೂ ಸ್ಟ್ರೋಕ್ ಆದರೆ ಪೋರ್ಟ್, ಅಂದರೆ ಸಿಲಿಂಡರ್ ಗೋಡೆಯ ಕಿಂಡಿ, ತೆರೆಯುವ ಹೊತ್ತೂ ತಪ್ಪುತ್ತದೆ.

ಟೂ ಸ್ಟ್ರೋಕಿನಲ್ಲಿ ಇನ್ನೊಂದು ಅಪಾಯ ಇದೆ. ರಿಂಗ್ ತಿರುಗದ ಹಾಗೆ ಪಿಸ್ಟನ್ನಿನಲ್ಲಿ ಒಂದು ಪುಟ್ಟ ಗೂಟ ಇರುತ್ತದೆ. ರಿಂಗಿನ ತುದಿಗಳು ಪೋರ್ಟ್ ಮೇಲೆ ಹಾಯಬಾರದು ಅಂತ ಅದರ ಜಾಗ ಲೆಕ್ಕ ಹಾಕಿ ಇಟ್ಟಿರುತ್ತಾರೆ. ಬೇರೆ ಗಾಡಿಯ ಪಿಸ್ಟನ್ನಿನಲ್ಲಿ ಆ ಗೂಟ ಪೋರ್ಟಿನ ಎದುರಿಗೇ ಬಂದರೆ ರಿಂಗ್ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಬೋರೂ ಹಾಳು. ಅದರ ಬದಲು ನಿಮ್ಮ ಗಾಡಿಯದೇ ಓವರ್‌ಸೈಜ್ ಹುಡುಕಿ. 0.25, 0.50, 0.75, 1.00 ಮಿಲಿಮೀಟರ್ ದೊಡ್ಡದು ಅಂತ ಸಾಮಾನ್ಯವಾಗಿ ಬರುತ್ತವೆ. ಪಿಸ್ಟನ್ ಕೈಗೆ ಬಂದ ಮೇಲೆ ಅದನ್ನು ಕೊಟ್ಟೇ ಬೋರ್ ಮಾಡಿಸಿ, ಮುಂಚೆ ಅಲ್ಲ.

ಮುಂದೆ ಡ್ರಮ್ ತೆಗೆದು ಡಿಸ್ಕ್ ಹಾಕೋದು ಹೇಗೆ?

ಬಿಡಿ ಬಿಡಿಯಾಗಿ ತರಬೇಡಿ. ಒಂದು ಗಾಡಿಯ ಮುಂಭಾಗ ಇಡಿಯಾಗಿ ತನ್ನಿ. ಟಿ ಸ್ಟೆಮ್ (ಫೋರ್ಕನ್ನು ಚಾಸಿಗೆ ಸೇರಿಸುವ ಕಂಬ), ಎರಡೂ ಫೋರ್ಕ್, ಆಕ್ಸಲ್, ವೀಲ್, ಡಿಸ್ಕ್, ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಭಾಗ), ಹೋಸ್, ಮಾಸ್ಟರ್ ಸಿಲಿಂಡರ್ (ಬ್ರೇಕ್ ಲಿವರ್ ಒತ್ತುವ ಪಂಪು), ಆಕ್ಸಲ್ಲಿನ ಎರಡು ಬದಿಯ ಬುಷ್ (ಸಂದು ತುಂಬುವ ಬಳೆ) ಸಮೇತ. ಬುಷ್ ಬಿಟ್ಟು ಬರುವವರೇ ಜಾಸ್ತಿ. ಆಮೇಲೆ ಅದನ್ನು ಲೇತಿನಲ್ಲಿ ಅಂದಾಜಿಗೆ ಮಾಡಿಸುತ್ತಾರೆ, ಡಿಸ್ಕ್ ಕ್ಯಾಲಿಪರಿನ ನಡುವಿಗೆ ಬರುವುದಿಲ್ಲ.

ಹೀಗೆ ತಂದರೆ ಹೊಂದಿಸಬೇಕಾದ ಜಾಗ ಮುಖ್ಯವಾಗಿ ಒಂದೇ, ಹ್ಯಾಂಡಲ್ ಕುತ್ತಿಗೆ. ನಿಮ್ಮ ಚಾಸಿಯ ಕುತ್ತಿಗೆ ಪೈಪಿನ ಎತ್ತರ ಅಳೆಯಿರಿ, ಟಿ ಸ್ಟೆಮ್ಮಿನ ಎತ್ತರ ಅಳೆಯಿರಿ. ಕುತ್ತಿಗೆಯ ಬೇರಿಂಗ್, ಅಂದರೆ ಕೋನ್ ಸೆಟ್ಟಿನ, ಕಪ್ಪುಗಳ ಹೊರ ಅಳತೆ ನೋಡಿ. ಸ್ಟೆಮ್ ಉದ್ದ ಇದ್ದರೆ ಬುಷ್ ಕೊಟ್ಟು ಸರಿ ಮಾಡಬಹುದು. ಗಿಡ್ಡ ಇದ್ದರೆ ವೆಲ್ಡ್ ಮಾಡಿ ಉದ್ದ ಮಾಡುತ್ತೇವೆ ಅನ್ನುವವರು ಸಿಗುತ್ತಾರೆ. ಆ ಅಂಗಡಿಯಿಂದ ಎದ್ದು ಬನ್ನಿ. ನಿಮ್ಮ ಹಲ್ಲು ನಿಂತಿರುವುದು ಆ ವೆಲ್ಡಿಂಗ್ ಮೇಲೆ.

ಫೋರ್ಕ್ ಉದ್ದವನ್ನೂ ಹಳೆಯದರ ಪಕ್ಕ ಇಟ್ಟು ನೋಡಿ. ಮುಂದೆ ಎತ್ತರ ಆದರೆ ಹ್ಯಾಂಡಲ್ ಜಡ ಆಗುತ್ತದೆ, ಸಂದಿಯಲ್ಲಿ ತಿರುಗಿಸುವುದು ಕಷ್ಟ. ತಗ್ಗಾದರೆ ಹೈವೇಯಲ್ಲಿ ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಫೋರ್ಕ್ ಟ್ಯಾಂಕಿಗೆ ಹೊಡೆಯುತ್ತದೆಯೇ ನೋಡಿ. ಸ್ಟೀರಿಂಗ್ ಸ್ಟಾಪರ್ ಹೊಂದದಿದ್ದರೆ ಟ್ಯಾಂಕ್ ನೆಗ್ಗುವುದು ಗ್ಯಾರಂಟಿ.

ಮಾಸ್ಟರ್ ಸಿಲಿಂಡರನ್ನು ಬೇರೆ ಗಾಡಿಯದು ಹಾಕುವಾಗ ಅದರ ಮೇಲೆ ಕೊರೆದ ಅಳತೆ ಓದಿ. 11 ಮಿಲಿಮೀಟರ್ ಇದ್ದ ಕಡೆ 12.7 ಹಾಕಿದರೆ ಲಿವರ್ ಗಟ್ಟಿ ಅನ್ನಿಸುತ್ತದೆ, “ಭಾರಿ ಬ್ರೇಕು” ಅಂತ ಖುಷಿ ಆಗುತ್ತದೆ. ನಿಜಕ್ಕೂ ಅಷ್ಟೇ ಬಲಕ್ಕೆ ಒತ್ತಡ ಕಾಲುಭಾಗ ಕಡಿಮೆ. ಹೋಸಿನ ತುದಿಯನ್ನು ಕೂರಿಸುವ ಬ್ಯಾಂಜೋ ಬೋಲ್ಟ್ ಕೂಡ ಮೋಸ ಮಾಡುತ್ತದೆ. 10 ಮಿಲಿಮೀಟರ್ ಬೋಲ್ಟಿನಲ್ಲೇ 1.0 ಪಿಚ್, 1.25 ಪಿಚ್ (ಥ್ರೆಡ್ಡಿನ ಗೆರೆಗಳ ಅಂತರ) ಅಂತ ಎರಡಿವೆ. ಎರಡು ಸುತ್ತು ಕೈಯಲ್ಲಿ ಹೋಗಿ ನಿಂತರೆ ಸ್ಪ್ಯಾನರ್ ಹಾಕಬೇಡಿ.

ವೀಲ್ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಗಾಡಿಯ ಮುಂಭಾಗ ತಂದರೆ ಕ್ಯಾಲಿಪರ್, ಡಿಸ್ಕ್ ಬರುತ್ತವೆ, ಎಬಿಎಸ್ ಬರುವುದಿಲ್ಲ. ಅದಕ್ಕೆ ಸೆನ್ಸರು, ಮಾಡ್ಯುಲೇಟರು, ಅದರ ಕಂಪ್ಯೂಟರು ಎಲ್ಲ ಬೇಕು. ಸುಮ್ನೆ ಸ್ಟಿಕ್ಕರ್ ಅಂಟಿಸಿಕೊಂಡು ತಿರುಗಬೇಡಿ.

ಹಿಂದಿನ ವೀಲ್ ಬೇರೆ ಗಾಡಿದು ಹಾಕಿದರೆ?

ಇಲ್ಲಿ ನನ್ನದೇ ಕಥೆ. ಬೇರೆ ಗಾಡಿಯ ಹಿಂದಿನ ವೀಲ್ ತಂದು ನಾನೇ ಜೋಡಿಸಿದ್ದೆ. ಬುಷ್ ಸರಿ, ಚೈನ್ ಸರಿ. ಬ್ರೇಕ್ ಪ್ಲೇಟಿನಿಂದ ಸ್ವಿಂಗ್ ಆರ್ಮಿಗೆ ಹೋಗುವ ಕಂಬಿಗೆ, ಅಂದರೆ ಟಾರ್ಕ್ ರಾಡಿಗೆ, ಸಾದಾ ನಟ್ ಹಾಕಿ ಬಿಗಿ ಮಾಡಿದ್ದೆ. ನಟ್ ಕಳಚದಂತೆ ತಡೆಯುವ ಸ್ಪ್ಲಿಟ್ ಪಿನ್ ಹಾಕಲಿಲ್ಲ, ಯಾಕೆಂದರೆ ಆ ಬೋಲ್ಟಿಗೆ ತೂತೇ ಇರಲಿಲ್ಲ. ಹರಿಹರದ ಕಡೆ ಹೋಗುವಾಗ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಅಡ್ಡ ಬಂತು. ಬ್ರೇಕ್ ತುಳಿದೆ. ನಟ್ ಯಾವಾಗಲೋ ಬಿದ್ದುಹೋಗಿತ್ತು. ಬ್ರೇಕ್ ಪ್ಲೇಟ್ ವೀಲಿನ ಜೊತೆಗೇ ತಿರುಗಿತು, ಬ್ರೇಕ್ ಕಂಬಿಯನ್ನು ಸುತ್ತಿಕೊಂಡು ಎಳೆಯಿತು. ಎಳೆದಷ್ಟೂ ಬ್ರೇಕ್ ಜಾಸ್ತಿ ಹಿಡಿಯಿತು. ವೀಲ್ ಲಾಕ್. ನಾನು, ಗಾಡಿ ಇಬ್ಬರೂ ಜೋಳದ ರಾಶಿ ಪಕ್ಕ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಟ್ರ್ಯಾಕ್ಟರಿನ ಅಜ್ಜ ಇಳಿದು ಬಂದು ನನ್ನನ್ನಲ್ಲ, ಮೊದಲು ಗಾಡಿಯನ್ನು ಎತ್ತಿದ.

ಹಾಗಾಗಿ ಡ್ರಮ್ ವೀಲ್ ಯಾವುದೇ ಹಾಕಿ, ಪ್ಲೇಟನ್ನು ತಿರುಗದ ಹಾಗೆ ಹಿಡಿಯುವುದು ಏನು ಅಂತ ಮೊದಲು ನೋಡಿ. ಹಿಂದೆ ಟಾರ್ಕ್ ರಾಡ್. ಮುಂದಿನ ಡ್ರಮ್ಮಿನಲ್ಲಿ ಪ್ಲೇಟಿನ ಕಚ್ಚಿಗೆ ಫೋರ್ಕಿನ ಗೂಟ ಕೂರಬೇಕು. ಅರ್ಧ ಕೂತಿದ್ದರೂ ಒಪ್ಪಬೇಡಿ. ಟಾರ್ಕ್ ರಾಡಿನ ಬೋಲ್ಟಿಗೆ ನೈಲಾನ್ ಬಳೆಯಿಂದ ಕಚ್ಚಿಕೊಳ್ಳುವ ನೈಲಾಕ್ ನಟ್ಟಾದರೂ ಬೇಕು, ತೂತು ಕೊರೆದು ಸ್ಪ್ಲಿಟ್ ಪಿನ್ ಹಾಕಿದರೆ ಇನ್ನೂ ಒಳ್ಳೆಯದು.

ಆಮೇಲೆ ಚೈನ್. ಮುಂದಿನ ಸ್ಪ್ರಾಕೆಟ್ಟಿಗೂ ಹಿಂದಿನದಕ್ಕೂ ಉದ್ದದ ಕಂಬಿ ಇಟ್ಟು ನೋಡಿ, ಒಂದೇ ಗೆರೆಯಲ್ಲಿ ಬರಬೇಕು. ಚೈನಿನ ನಂಬರ್ ಕೂಡ ಒಂದೇ ಇರಬೇಕು. 428ರ ಕೊಂಡಿಯಿಂದ ಕೊಂಡಿಗೆ 12.7 ಮಿಲಿಮೀಟರ್, 520ರಲ್ಲಿ 15.875. ಮುಂದೊಂದು ಹಿಂದೊಂದು ನಡೆಯುವುದಿಲ್ಲ.

17 ಇಂಚಿನ ವೀಲ್ ಹಾಕಿದರೆ ಗಾಡಿ ತಗ್ಗುತ್ತಾ?

ರಿಮ್ ನೋಡಿ ಹೇಳಬೇಡಿ, ಟೈರ್ ಸೇರಿಸಿ ಲೆಕ್ಕ ಹಾಕಿ. 2.75-18 ಟೈರಿನ ಒಟ್ಟು ಎತ್ತರ ಲೆಕ್ಕಕ್ಕೆ ಸುಮಾರು 597 ಮಿಲಿಮೀಟರ್. 100/90-17 ಟೈರಿನದು ಸುಮಾರು 612. ರಿಮ್ ಚಿಕ್ಕದಾಯಿತು, ಗಾಡಿ ಎತ್ತರವಾಯಿತು! ಸ್ಪೀಡೋಮೀಟರ್ ಕೂಡ ಸ್ವಲ್ಪ ಸುಳ್ಳು ಹೇಳುತ್ತದೆ. ಅದಕ್ಕಿಂತ ಮುಖ್ಯ, ಅಗಲದ ಟೈರ್ ಸ್ವಿಂಗ್ ಆರ್ಮಿಗೆ, ಚೈನಿಗೆ, ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ಅಂತ ಇಬ್ಬರನ್ನು ಕೂರಿಸಿ ನೋಡಬೇಕು.

6 ವೋಲ್ಟ್ ಗಾಡಿಗೆ 12 ವೋಲ್ಟ್ ಬ್ಯಾಟರಿ ಹಾಕಿದರೆ ಲೈಟ್ ಜೋರಾಗುತ್ತಲ್ವಾ?

ಒಂದು ಕ್ಷಣ ಜೋರಾಗುತ್ತದೆ, ಆಮೇಲೆ ಬಲ್ಬ್ ಹೋಗುತ್ತದೆ. ಹಳೇ ಯೆಜ್ಡಿ, ಹಳೇ ಬುಲೆಟ್ ಇರುವವರ ಕಷ್ಟ ಇದು. ಬ್ಯಾಟರಿ ಬದಲಿಸಿದರೆ ಆಗುವುದಿಲ್ಲ. ಕಾಯಿಲ್ ಪ್ಲೇಟ್, ರೆಗ್ಯುಲೇಟರ್, ಬಲ್ಬುಗಳು, ಹಾರ್ನ್, ಫ್ಲಾಶರ್, ಇಗ್ನಿಶನ್ ಕಾಯಿಲ್ ಎಲ್ಲವೂ 12ಕ್ಕೆ ಬರಬೇಕು.

12 ವೋಲ್ಟಿನಲ್ಲಿ 35 ವ್ಯಾಟ್ ಬಲ್ಬ್ ಸುಮಾರು 3 ಆಂಪಿಯರ್ ಎಳೆಯುತ್ತದೆ, 60 ವ್ಯಾಟಿನದು 5. ಇಂಜಿನ್ನಿನ ಜೊತೆ ತಿರುಗಿ ಕರೆಂಟ್ ಕೊಡುವ ನಿಮ್ಮ ಮ್ಯಾಗ್ನೆಟ್ ಅಷ್ಟು ಕೊಡದಿದ್ದರೆ ಬ್ಯಾಟರಿಯಿಂದ ಎಳೆಯುತ್ತದೆ. ರಾತ್ರಿ ಚಿತ್ರದುರ್ಗದಿಂದ ಹೊರಟವರು 60 ಕಿಲೋಮೀಟರ್ ದೂರದ ದಾವಣಗೆರೆ ಮುಟ್ಟುವ ಮೊದಲೇ ಲೈಟು ಮಿಣಮಿಣ ಅನ್ನುತ್ತದೆ. ಒಳ್ಳೇ ಎಲ್‌ಇಡಿ ಕಡಿಮೆ ಎಳೆಯುತ್ತದೆ. ಆದರೆ ಹಳೇ ಗಾಡಿಯ ಹೆಡ್‌ಲೈಟ್ ನೇರ ಮ್ಯಾಗ್ನೆಟ್ಟಿನ ಎಸಿಯಲ್ಲಿ ಓಡುತ್ತಿದ್ದರೆ ಎಲ್‌ಇಡಿ ಪಟಪಟ ಮಿಟುಕುತ್ತದೆ.

ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕಳಿಸುವ ಸಿಡಿಐ ಡಬ್ಬಿ ತರುವಾಗ ಎಸಿಯದಾ, ಡಿಸಿಯದಾ ಕೇಳಿ. ಎಸಿ ಸಿಡಿಐ ತನ್ನ ಕರೆಂಟನ್ನು ಮ್ಯಾಗ್ನೆಟ್ಟಿನ ಕಾಯಿಲಿನಿಂದ ತೊಗೊಳ್ಳುತ್ತದೆ, ಡಿಸಿಯದು ಬ್ಯಾಟರಿಯಿಂದ. ಕಪ್ಲರ್ ಹೊಂದಿತು ಅಂತ ಚುಚ್ಚಿದರೆ ಸುಟ್ಟುಹೋಗುತ್ತದೆ.

ದೊಡ್ಡ ಕಾರ್ಬ್ಯುರೇಟರ್ ಹಾಕಿದರೆ ಪಿಕಪ್ ಬರುತ್ತಾ?

ಬಾಯಿ ದೊಡ್ಡದಾದರೆ ಹಸಿವು ದೊಡ್ಡದಾಗುವುದಿಲ್ಲ. ಇಂಜಿನ್ ಎಳೆಯುವ ಗಾಳಿ ಅಷ್ಟೇ. ದೊಡ್ಡ ಬಾಯಿಯಲ್ಲಿ ಗಾಳಿಯ ವೇಗ ಕಡಿಮೆ, ಪೆಟ್ರೋಲ್ ಸರಿಯಾಗಿ ಬೆರೆಯುವುದಿಲ್ಲ, ಕೆಳಗಿನ ವೇಗದಲ್ಲಿ ಗಾಡಿ ಒದರಾಡುತ್ತದೆ. ಹಳೆಯದು ಸವೆದು ಬೇರೆ ಹಾಕಲೇಬೇಕಾದರೆ ಅದೇ ಅಳತೆಯದು ನೋಡಿ, ಪೆಟ್ರೋಲ್ ಬಿಡುವ ಜೆಟ್ ಸರಿಮಾಡಿಸಿ. ಪ್ಲಗ್ ತೆಗೆದು ಬಣ್ಣ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದು, ಟೂ ಸ್ಟ್ರೋಕ್ ಆದರೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗುವ ಮೊದಲೇ ನಿಲ್ಲಿಸಿ. ಇಂಜಿನ್ನಿಗೆ ಆಯಿಲನ್ನು ತಾನೇ ಕೊಡುವ ಆಟೋಲ್ಯೂಬ್ ಗಾಡಿಯಲ್ಲಿ ಆಯಿಲ್ ಪಂಪಿನ ಕೇಬಲ್ ಮತ್ತೆ ಗುರುತಿಗೆ ಹೊಂದಿಸುವುದನ್ನು ಮರೆಯುವವರು ತುಂಬ ಜನ.

ಪ್ಲಗ್ ಯಾವುದಾದರೂ ಆಗುತ್ತಾ?

ಇಲ್ಲ. ದಪ್ಪ ಒಂದೇ ಇದ್ದರೂ ಥ್ರೆಡ್ಡಿನ ಉದ್ದ 12.7, 19 ಮಿಲಿಮೀಟರ್ ಅಂತ ಬೇರೆ ಬೇರೆ ಇವೆ. ಗಿಡ್ಡದರ ಜಾಗಕ್ಕೆ ಉದ್ದದ್ದು ಹಾಕಿದರೆ ಪಿಸ್ಟನ್ ತಲೆಗೆ ಹೊಡೆಯಬಹುದು. ಶಾಖದ ನಂಬರ್ ಕೂಡ ಕಂಪನಿಗೊಂದು ತರ. ಎನ್‌ಜಿಕೆಯಲ್ಲಿ ನಂಬರ್ ಏರಿದರೆ ತಣ್ಣನೆಯ, ಅಂದರೆ ಶಾಖ ಬೇಗ ಬಿಡುವ, ಪ್ಲಗ್. ನಮ್ಮವರು ಇನ್ನೂ ಮೈಕೋ ಅಂತಲೇ ಕರೆಯುವ ಬಾಷ್‌ನಲ್ಲಿ ಅದು ಉಲ್ಟಾ.

ಲೇತ್ ಕೆಲಸ ಎಲ್ಲಿ ಮಾಡಿಸಲಿ?

ಅಂಗಡಿ ಹೆಸರು ಹೇಳುವುದಿಲ್ಲ. ಆದರೆ ನಮ್ಮ ಕಡೆ ಈ ವಿಷಯದಲ್ಲಿ ಅದೃಷ್ಟವಂತರು. ಹರಿಹರದಲ್ಲಿ ಒಂದು ಕಾಲಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಷಿನ್‌ಗಳನ್ನೇ ತಯಾರಿಸುತ್ತಿತ್ತು. ಮಷಿನ್ ಮುಂದೆ ಜೀವನ ಕಳೆದ ಹಿರಿಯರು ಈ ಸೀಮೆಯಲ್ಲಿ ಇದ್ದಾರೆ. ಅಂಥವರು ಸಿಕ್ಕರೆ ಬಿಡಬೇಡಿ.

ಚೀಟಿಯಲ್ಲಿ ಅಳತೆ ಬರೆದುಕೊಂಡು ಹೋಗಬೇಡಿ. ಆಕ್ಸಲ್, ಬೇರಿಂಗ್, ಹಬ್ ಮೂರನ್ನೂ ಚೀಲದಲ್ಲಿ ಹೊತ್ತುಕೊಂಡು ಹೋಗಿ. “ಬುಷ್ ಬೇಕು” ಅನ್ನುವ ಬದಲು “ಈ ವೀಲ್ ಈ ಫೋರ್ಕಿನ ನಡುವೆ ಬರಬೇಕು” ಅನ್ನಿ. ಬುಷ್ ಸಾದಾ ಕಬ್ಬಿಣದಲ್ಲಿ ನಡೆಯುತ್ತದೆ. ಆಕ್ಸಲ್ ಮಾತ್ರ ಸಿಕ್ಕ ಸರಳಿನಲ್ಲಿ ತಿರುವಿಸಬೇಡಿ, ಯಾವುದಾದರೂ ಗಾಡಿಯ ಕಂಪನಿ ಆಕ್ಸಲ್ಲನ್ನೇ ಹೊಂದಿಸಿ.

ಬುಲೆಟ್ಟಿಗೆ ನಮ್ಮ ಸ್ಪ್ಯಾನರ್ ಸೆಟ್ ಹಿಡಿಯೋದೇ ಇಲ್ವಲ್ಲ?

ಹಳೇ ಬುಲೆಟ್ಟಿನಲ್ಲಿ ಇಂಗ್ಲೆಂಡಿನ ಇಂಚಿನ ಥ್ರೆಡ್ಡುಗಳಿವೆ. ಮಿಲಿಮೀಟರ್ ಬೋಲ್ಟ್ ಬಲವಂತಕ್ಕೆ ಹೋದರೂ ಹಾಕಬೇಡಿ. ಅಲ್ಯೂಮಿನಿಯಂ ಕೇಸಿನ ಥ್ರೆಡ್ ಹೋದರೆ ಮುಗಿಯಿತು.

ಗುಜರಿಯಿಂದ ಇಂಜಿನ್ ತರಬಹುದಾ?

ಬಿಲ್ ಇಲ್ಲದೆ ನಂಬರ್ ಇರುವ ಯಾವ ಪಾರ್ಟೂ ತರಬೇಡಿ. ಇಂಜಿನ್ ನಂಬರ್ ಉಜ್ಜಿದ್ದರೆ ಅದು ಯಾರದೋ ಮನೆ ಮುಂದೆ ಕಳುವಾದ ಗಾಡಿ ಇರಬಹುದು. ಕಡಿಮೆ ರೇಟು ಅಂತ ತಂದು ಸ್ಟೇಷನ್ನಿನಲ್ಲಿ ಕೂರಬೇಕಾಗುತ್ತದೆ.

ಪೊಲೀಸು, ಆರ್‌ಟಿಒ ತೊಂದರೆ ಏನಾದರೂ ಇದೆಯಾ?

ಇದೆ, ನೇರವಾಗಿ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧ ಆಗುವ ಹಾಗೆ, ಆರ್‌ಸಿಯಲ್ಲಿರುವ ಸಂಗತಿಗಳನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಇಂಜಿನ್, ಸಿಸಿ, ಚಾಸಿ ಕಡೆ ಕೈ ಹಾಕಬೇಡಿ ಅಂತ ನಾನು ಹೇಳುವುದು ಅದಕ್ಕೇ. ಬೇರೆ ದೊಡ್ಡ ಕೆಲಸ ಇದ್ದರೆ ಮೊದಲು ಆರ್‌ಟಿಒದಲ್ಲಿ ಕೇಳಿ, ಆಮೇಲೆ ಬಿಚ್ಚಿ. ಹಳೇ ಗಾಡಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಇರುತ್ತದೆ. ಚಿತ್ರದುರ್ಗದ ಕೆಎ 16 ಆಗಲಿ, ದಾವಣಗೆರೆಯ ಕೆಎ 17 ಆಗಲಿ, ಇನ್ಸ್‌ಪೆಕ್ಟರ್ ಗಾಡಿ ನೋಡುತ್ತಾರೆ, ಚಾಸಿ ನಂಬರ್ ನೋಡುತ್ತಾರೆ. ಕುತ್ತಿಗೆ ಹತ್ತಿರ ಗ್ರೈಂಡರ್ ಆಡಿಸಿ ನಂಬರ್ ಅಳಿಸಿಕೊಂಡವರ ಪಾಡು ಯಾರಿಗೂ ಬೇಡ. ಇನ್ಶುರೆನ್ಸಿನವರಿಗೂ ಬದಲಾವಣೆ ತಿಳಿಸಿ, ಇಲ್ಲದಿದ್ದರೆ ಕ್ಲೇಮ್ ಹೊತ್ತಿಗೆ ತಕರಾರು ತೆಗೆಯುತ್ತಾರೆ.

ಸದ್ದು ಬರುವ ಸೈಲೆನ್ಸರ್ ಯಾವುದು ಒಳ್ಳೇದು?

ನನ್ನನ್ನು ಕೇಳಬೇಡಿ. ನಮ್ಮ ಬೀದಿಯಲ್ಲಿ ಮಕ್ಕಳು ಮಲಗಿರುತ್ತವೆ.

ಬಿಚ್ಚಿದ ಹಳೇ ಪಾರ್ಟ್ ಮಾರಿಬಿಡಲಾ?

ಮಾರಬೇಡಿ. ಒರೆಸಿ, ಗ್ರೀಸ್ ಸವರಿ, ಗೋಣಿಚೀಲದಲ್ಲಿ ಕಟ್ಟಿ, ಒಂದು ರಟ್ಟಿನ ಚೂರಿನ ಮೇಲೆ ಏನು, ಯಾವತ್ತು ಬಿಚ್ಚಿದ್ದು ಅಂತ ಬರೆದಿಡಿ. ನಾನು ಚಾಸಿಯಲ್ಲಿ ಏನನ್ನೂ ಕೊಯ್ಯದೆ ಕೆಲಸ ಮಾಡಿಸುವುದೂ ಇದಕ್ಕೇ. ಆ ಜೋಳದ ರಾಶಿಯ ಮರುವಾರ ಅಟ್ಟ ಹತ್ತಿ ಅಪ್ಪನ ಹಳೇ ವೀಲ್ ಇಳಿಸಿದೆ. ಅದರ ಟಾರ್ಕ್ ರಾಡ್ ಬೋಲ್ಟಿನಲ್ಲಿ ತೂತೂ ಇತ್ತು, ಸ್ಪ್ಲಿಟ್ ಪಿನ್ನೂ ಇತ್ತು. ಅರ್ಧ ಗಂಟೆಯಲ್ಲಿ ಕೂತಿತು. ಈಗಲೂ ಅದೇ ಓಡುತ್ತಿದೆ.